ದ್ರಾಕ್ಷಿ ಯಾವ ಕಾಲದ ಹಣ್ಣು

ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ಹಣ್ಣು ತರುವವನು ಮೊನ್ನೆ ಸಣ್ಣ ಗಾತ್ರದ ಕಪ್ಪು ದ್ರಾಕ್ಷಿ ತಂದಿದ್ದ. ಬೀಜ ಇರುವಂಥದ್ದು, ಸಿಪ್ಪೆ ಚೀಪಿದರೆ ತಿರುಳು ತಾನಾಗಿ ಜಾರಿ ಬಾಯಿಗೆ ಬೀಳುವಂಥದ್ದು. ಗೇಟು ತೆಗೆಯುವ ಮೊದಲೇ ವಾಸನೆ ಬಂತು. ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರಲ್ಲ, ಆ ವಾಸನೆ. ಪನ್ನೀರು ದ್ರಾಕ್ಷಿ ಅಂತಲೇ ಅದರ ಹೆಸರು. ಮೈಸೂರಿನಲ್ಲಿ ಸಿಗುವುದು ಅಪರೂಪ.

"ತಗೊಳ್ಳಿ ಮೇಡಂ, ಸೀಸನ್ ಹಣ್ಣು," ಅಂದ.

"ಯಾವ ಸೀಸನ್ನಪ್ಪ?" ಅಂದೆ.

ಅವನು ಒಂದು ಸಲ ನನ್ನ ಮುಖ ನೋಡಿ, ಸುಮ್ಮನೆ ತಕ್ಕಡಿ ಎತ್ತಿಕೊಂಡ. ಪಾಪ, ಅವನಿಗೇನು ಗೊತ್ತು, ಆ ಮಾತಿನ ದೆಸೆಯಿಂದ ನನಗೆ ಗೊತ್ತಿದ್ದ ಒಬ್ಬ ಹುಡುಗಿ ಒಂದು ಶಾಲೆಯನ್ನೇ ಕಳೆದುಕೊಂಡಳು ಅಂತ. ಅರ್ಧ ಕೆಜಿ ಕಟ್ಟಿಸಿಕೊಂಡು ಬಂದೆ. ತಟ್ಟೆಗೆ ಹಾಕಿ ಮುಂದೆ ಇಟ್ಟುಕೊಂಡು, ತಿನ್ನದೆ ಸುಮಾರು ಹೊತ್ತು ಕೂತಿದ್ದೆ.

ಆ ವರ್ಷ ನಾನು ತಮಿಳುನಾಡಿನ ಕಂಬಂ ಕಣಿವೆಯಲ್ಲಿದ್ದೆ. ದಿಂಡಿಗಲ್ಲಿನ ಒಂದು ಟ್ರಸ್ಟಿನವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸದಾಗಿ ವಿಜ್ಞಾನದ ಪಾಠಕ್ರಮ ಮಾಡಿಸುತ್ತಿದ್ದರು. ನಾನು ಚಾಮರಾಜನಗರದ ಕಡೆಯವಳು, ತಮಿಳು ಓದಲು ಬರೆಯಲು ಬರುತ್ತದೆ, ಹದಿನೆಂಟು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದವಳು. ಒಂದು ವರ್ಷದ ಮಟ್ಟಿಗೆ ಬರುತ್ತೀರಾ ಅಂದರು, ಒಪ್ಪಿಕೊಂಡೆ. ಗೂಡಲೂರಿಗೂ ಉತ್ತಮಪಾಳಯಕ್ಕೂ ನಡುವಿನ ಒಂದು ಊರಿನ ಶಾಲೆ ಕೊಟ್ಟರು. ಐದನೇ ತರಗತಿಯ ಜೊತೆ ಕೂತು ಪಾಠ ಮಾಡಿ ನೋಡಿ, ಒಗ್ಗಿದ್ದನ್ನು ಇಟ್ಟುಕೊಂಡು, ಒಗ್ಗದ್ದನ್ನು ಬಿಟ್ಟು, ವರ್ಷದ ಕೊನೆಗೆ ಪುಸ್ತಕ ಬರೆದುಕೊಡಬೇಕು. ಕೆಲಸ ಅಷ್ಟೇ.

ಜೂನ್ ತಿಂಗಳು. ಕಾಲುವೆಗೆ ನೀರು ಬಿಟ್ಟು ಗದ್ದೆಗಳೆಲ್ಲ ನಾಟಿಗೆ ಸಿದ್ಧವಾಗಿದ್ದವು. ಬೆಟ್ಟದ ಸಂದಿನಿಂದ ಬೀಸುವ ಗಾಳಿಗೆ ಸೀರೆ ಸೆರಗು ಹಿಡಿದುಕೊಂಡೇ ನಡೆಯಬೇಕು. ನನಗೆ ಇಳಿದುಕೊಳ್ಳಲು ಕೊಟ್ಟದ್ದು ವೀರಮ್ಮ ಅನ್ನುವವರ ಮನೆಯ ಮುಂಗೋಣೆ. ಎಪ್ಪತ್ತರ ಆಸುಪಾಸಿನ ಹೆಂಗಸು, ದ್ರಾಕ್ಷಿತೋಟದ ಯಜಮಾನಿ. ಬ್ಯಾಗು ಕೆಳಗಿಡುತ್ತಿದ್ದ ಹಾಗೆ, "ಬಾ ತಾಯಿ. ಕಯ್ ಕಾಲ್ ತೊಳ್ಕೊ. ಉಂಡಿದ್ಯಾ ಇಲ್ವಾ, ಯೋಳು," ಅಂದರು. ನಾನು ತಮಿಳಿನಲ್ಲಿ ಉತ್ತರ ಜೋಡಿಸಿಕೊಂಡು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ತಲೆಮಾರುಗಳ ಹಿಂದೆ ಬಂದು ನೆಲೆ ನಿಂತ ಕನ್ನಡದ ಒಕ್ಕಲುಮಕ್ಕಳು. ಅಕ್ಷರ ತಮಿಳಿನದು, ಲೆಕ್ಕ ತಮಿಳಿನದು, ಜಗಳ ಕೂಡ ತಮಿಳಿನಲ್ಲೇ. ಆದರೆ ಊಟಕ್ಕೆ ಕರೆಯುವುದು ಮಾತ್ರ ಕನ್ನಡದಲ್ಲಿ. ನಮ್ಮಜ್ಜಿಯ ಬಾಯಲ್ಲಿ ಕೇಳಿ ಮರೆತಿದ್ದ ಎಷ್ಟೋ ಮಾತನ್ನು ಆ ಮನೆಯ ಅಡುಗೆಕೋಣೆಯಲ್ಲಿ ಮತ್ತೆ ಕೇಳಿದೆ.

ಮನೆಯಲ್ಲಿ ವೀರಮ್ಮನ ಮಗ, ಸೊಸೆ ಈಶ್ವರಿ, ಮೊಮ್ಮಗಳು ಪವಿತ್ರಾ. ಮಗ ಮಾತು ಕಡಿಮೆ, ಯಾವಾಗಲೂ ತೋಟದಲ್ಲೇ. ಪವಿತ್ರಾ ನಾನು ಪಾಠ ಮಾಡಬೇಕಿದ್ದ ಐದನೇ ತರಗತಿಯವಳು. ಬಂದ ಮೊದಲ ವಾರವೇ ಈಶ್ವರಿ ನನಗೆ ಕಾಫಿ ಕೊಡುತ್ತಾ ಎದುರಿಗೆ ಕೂತಳು. ದಿಂಡಿಗಲ್ಲಿನಲ್ಲಿ ಅದೇ ಟ್ರಸ್ಟಿನವರದೇ ಒಂದು ವಸತಿಶಾಲೆ ಇತ್ತು. ಆರನೇ ತರಗತಿಗೆ ಪರೀಕ್ಷೆ ಬರೆದು ಸೇರಬೇಕು, ಸೇರಿದರೆ ಹನ್ನೆರಡರವರೆಗೆ ಅಲ್ಲೇ. ಪ್ರಯೋಗಾಲಯ ಉಂಟು, ಪುಸ್ತಕದ ಮನೆ ಉಂಟು.

"ನಾನು ಅಯ್ದಕ್ಕೇ ನಿಂತೆ ಟೀಚರ್," ಅಂದಳು. "ಆರಕ್ಕೆ ಬಸ್ಸಲ್ ಓಗ್ಬೇಕು, ಹೆಣ್ಣ್ ಮಗು ಬ್ಯಾಡ ಅಂದ್ರು. ಇವಳು ಆ ಶಾಲೆಗ್ ಓಗ್ಲಿ. ನಿಮ್ಮ ಪಾಠದಿಂದ ಅವಳಿಗೆ ಪರೀಚ್ಚೆ ಕೆಡಬಾರ್ದು, ಅಷ್ಟೆ."

"ಕೆಡೋದಿರಲಿ, ಇನ್ನೂ ಚೆನ್ನಾಗಿ ಬರೀತಾಳೆ," ಅಂದೆ. ಮಾತು ಕೊಟ್ಟೆ. ಕೊಡುವಾಗ ನನಗೆ ಒಂದು ಚೂರೂ ಅಳುಕಿರಲಿಲ್ಲ.

ನನ್ನ ಹುಮ್ಮಸ್ಸು ಹೇಗಿತ್ತೆಂದರೆ, ಊರು ಸೇರಿದ ಮೂರನೇ ದಿನವೇ ನಲವತ್ತು ಪ್ರಶ್ನೆಗಳನ್ನೂ ಅದರ ಉತ್ತರಗಳನ್ನೂ ಬರೆದು ದಿಂಡಿಗಲ್ಲಿನ ಕಚೇರಿಗೆ ಕಳಿಸಿಬಿಟ್ಟಿದ್ದೆ. ಮಾದರಿ ಪ್ರಶ್ನೆಗಳು ಬೇಕು, ನಿಧಾನಕ್ಕೆ ಕಳಿಸಿ ಅಂದಿದ್ದರು. ನಾವು ನಿಧಾನಕ್ಕೆ ಕೆಲಸ ಮಾಡುವ ಪೈಕಿ ಅಲ್ಲವಲ್ಲ. ಕಳಿಸಿದೆ, ಮರೆತೆ.

ಐದನೇ ದಿನ ತರಗತಿಗೆ ಹೋದೆ. ಜೊತೆಗೆ ಆ ತರಗತಿಯ ಟೀಚರು ಸೆಲ್ವರಾಣಿ. ನನಗಿಂತ ಚಿಕ್ಕವಳು, ಅದೇ ಊರಿನವಳು, ಮಾತಿನಲ್ಲಿ ಸ್ವಲ್ಪ ಖಾರ. ಮೈಸೂರಿನಿಂದ ಹೊತ್ತುಕೊಂಡು ಬಂದಿದ್ದ ಬಣ್ಣದ ಚಾರ್ಟು ಗೋಡೆಗೆ ಹಾಕಿದೆ. ಕಾಲಗಳು ಮತ್ತು ಹಣ್ಣುಗಳು. ಮಾವಿನ ಮೇಲೆ ಕೋಲಿಟ್ಟೆ, ಬೇಸಿಗೆ ಅಂದರು. ದ್ರಾಕ್ಷಿಯ ಮೇಲೆ ಕೋಲಿಟ್ಟು, "ಇದು ಯಾವ ಕಾಲದ ಹಣ್ಣು?" ಅಂದೆ.

"ಈಗ, ಟೀಚರ್," ಅಂತ ಒಬ್ಬ. "ನಮ್ದು ಮುಂದಿನ ತಿಂಗಳು, ಆಡಿಗೆ," ಅಂತ ಇನ್ನೊಬ್ಬಳು. "ನಮ್ದು ದೀಪಾವಳಿ ಕಳೆದ ಮೇಲೆ." "ನಮ್ಮಪ್ಪ ಹೋದ ವಾರ ತಾನೇ ಕವಾತು ಮಾಡಿದ್ದು, ಇನ್ನೂ ಚಿಗುರೇ ಬಂದಿಲ್ಲ." ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಗಲಾಟೆ. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ. ಮೇಜು ಬಡಿದು, "ಬೇಸಿಗೆ. ಬರ್ಕೊಳ್ಳಿ," ಅಂದೆ. ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಪವಿತ್ರಾ ಮಾತ್ರ ಬರೆಯಲಿಲ್ಲ, ಪೆನ್ಸಿಲ್ಲಿನ ತುದಿ ಕಚ್ಚುತ್ತಾ ಚಾರ್ಟನ್ನೇ ನೋಡುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಕೂತ ಸೆಲ್ವರಾಣಿ ಬಾಯಿಗೆ ಕರ್ಚೀಫು ಇಟ್ಟುಕೊಂಡು ಕೆಮ್ಮಿದಳು. ಅದು ಕೆಮ್ಮಲ್ಲ, ನಗು ಅಂತ ನನಗೆ ಆಮೇಲೆ ಗೊತ್ತಾಯಿತು.

ಸಂಜೆ ಪವಿತ್ರಾ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದಳು. ಯಾಕೆ, ಏನು ಅಂತ ಹೇಳಲಿಲ್ಲ. ಕಲ್ಲುಕಂಬ ನೆಟ್ಟು, ತಲೆಗಿಂತ ಒಂದು ಗೇಣು ಮೇಲೆ ತಂತಿ ಎಳೆದು, ಅದರ ಮೇಲೆ ಬಳ್ಳಿ ಹಬ್ಬಿಸಿದ ಚಪ್ಪರ. ಅಲ್ಲಿಯವರು ಅದಕ್ಕೆ ಪಂದಲ್ ಅನ್ನುತ್ತಾರೆ. ತೋಟವನ್ನು ನಾಲ್ಕು ಪಾಲು ಮಾಡಿದ್ದರು. ಮೊದಲ ಪಾಲಿನಲ್ಲಿ ಬಳ್ಳಿ ಬೋಳು, ಒಣಗಿದೆಯೇನೋ ಅನ್ನುವ ಹಾಗೆ. ಎರಡನೆಯದರಲ್ಲಿ ಹೂವು. ಮೂರನೆಯದರಲ್ಲಿ ಹಸಿರು ಹುಳಿಗಾಯಿ. ನಾಲ್ಕನೆಯದರಲ್ಲಿ ಈಶ್ವರಿ ಮತ್ತು ಇನ್ನಿಬ್ಬರು ಹೆಂಗಸರು ಕಪ್ಪು ಗೊಂಚಲು ಕತ್ತರಿಸಿ ಕ್ರೇಟಿಗೆ ಹಾಕುತ್ತಿದ್ದರು. ಅದೇ ಬಿಸಿಲು, ಅದೇ ಗಾಳಿ, ಅದೇ ಜೂನ್. ನಾನು ಒಂದು ಪಾಲಿನಿಂದ ಇನ್ನೊಂದಕ್ಕೆ ಎರಡು ಸಲ ಹೋಗಿ ಬಂದೆ.

ಪ್ರತಿ ಪಾಲಿನ ಮೂಲೆಯ ಕಲ್ಲುಕಂಬದ ಮೇಲೆ ಸುಣ್ಣದಲ್ಲಿ ಒಂದು ತಾರೀಖು ಬರೆದಿತ್ತು. ವೀರಮ್ಮ ತಮ್ಮ ಕೈಯಲ್ಲೇ ಬರೆದದ್ದು. ಬಳ್ಳಿಯ ಕೊಂಬೆಗಳನ್ನು ಕತ್ತರಿಸಿ ಬೋಳು ಮಾಡುವುದಕ್ಕೆ ಅಲ್ಲಿ ಕವಾತು ಅಂತ ಹೆಸರು. ಯಾವತ್ತು ಕವಾತು ಮಾಡುತ್ತೀರೋ ಅಲ್ಲಿಂದ ನಾಲ್ಕು ತಿಂಗಳಿಗೆ ಹಣ್ಣು. ಎಲ್ಲ ಪಾಲನ್ನೂ ಒಟ್ಟಿಗೆ ಕತ್ತರಿಸಿದರೆ ಹಣ್ಣೂ ಒಟ್ಟಿಗೆ ಬರುತ್ತದೆ, ಕೀಳಲು ಆಳೂ ಸಿಗುವುದಿಲ್ಲ, ಕೊಳ್ಳಲು ಜನವೂ ಇರುವುದಿಲ್ಲ. ಅದಕ್ಕೇ ಸರದಿ. ಕಣಿವೆಯ ತುಂಬ ಹೀಗೇ, ವರ್ಷವೆಲ್ಲ ಎಲ್ಲೋ ಒಂದು ಕಡೆ ಹಣ್ಣು.

"ಅಂದ್ರೆ ಇದಕ್ಕೆ ಕಾಲವೇ ಇಲ್ವಾ?" ಅಂದೆ.

"ಯಾಕಿಲ್ಲ," ಅಂದರು ಕ್ರೇಟಿನ ಪಕ್ಕ ಕೂತಿದ್ದ ವೀರಮ್ಮ. "ಕತ್ರಿ ಆಕಿದ ದಿನಾನೇ ಅದಕ್ಕೆ ಉಗಾದಿ."

ಗೆದ್ದೆ ಅನ್ನುವ ಮುಖ ಇರಲಿಲ್ಲ ಪವಿತ್ರಾಳದು. ಟೀಚರಿಗೆ ಗೊತ್ತಿರಲಿಲ್ಲ, ತೋರಿಸಿದ್ದಾಯಿತು, ಅಷ್ಟೇ. ಮಾರನೇ ದಿನ ತರಗತಿಗೆ ಹೋದವಳೇ ಚಾರ್ಟು ಬಿಚ್ಚಿ ಸುರುಳಿ ಸುತ್ತಿ ಬೀರುವಿನ ಮೇಲೆ ಎಸೆದೆ. ಮಕ್ಕಳಿಗೆ, "ನಿನ್ನೆ ನಾನು ಬರೆಸಿದ್ದು ತಪ್ಪು, ಹೊಡೆದುಹಾಕಿ," ಅಂದೆ. ಹದಿನೆಂಟು ವರ್ಷದಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಮಕ್ಕಳಿಗೆ ಎಷ್ಟು ಖುಷಿಯಾಯಿತೆಂದರೆ ಹೊಡೆದುಹಾಕಿದ ಗೀಟಿಗೆ ಹಾಳೆಗಳು ಹರಿದವು.

ಆವತ್ತಿನಿಂದ ಪಾಠಕ್ರಮವನ್ನು ತಲೆಕೆಳಗು ಮಾಡಿದೆ. ನಾನು ತಂದಿದ್ದರಲ್ಲಿ ಗಿಡದ ಭಾಗಗಳು ಒಂದು ಪಾಠ, ಮಣ್ಣು ಒಂದು ಪಾಠ, ನೀರು, ಗಾಳಿ, ಕೀಟ ಎಲ್ಲಕ್ಕೂ ಬೇರೆ ಬೇರೆ ಪೆಟ್ಟಿಗೆ. ಒಂದು ಮುಚ್ಚಿ ಇನ್ನೊಂದು ತೆರೆಯುವುದು. ಅದನ್ನೆಲ್ಲ ಬಿಟ್ಟು ಅರ್ಧ ವರ್ಷಕ್ಕೆ ಒಂದೇ ಪ್ರಶ್ನೆ ಇಟ್ಟುಕೊಂಡೆ: ಬೋಳು ಬಳ್ಳಿಯಲ್ಲಿ ನಾಲ್ಕು ತಿಂಗಳಿಗೆ ಸಿಹಿ ಎಲ್ಲಿಂದ ಬರುತ್ತದೆ? ಮಣ್ಣು ಬೇಕಾದಾಗ ಮಣ್ಣು ಬಂತು, ಎಲೆ ಬೇಕಾದಾಗ ಎಲೆ. ವಾರಕ್ಕೆರಡು ದಿನ ತೋಟ, ಮೂರು ದಿನ ತರಗತಿ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್ಕು, ಪ್ರತಿ ಪುಟದಲ್ಲೂ ಮೂರು ಕಾಲಂ. ಮೊದಲನೆಯದು ಕಂಡದ್ದು. ಎರಡನೆಯದು ಅಂದುಕೊಂಡದ್ದು. ಮೂರನೆಯದು ಗೊತ್ತಿಲ್ಲದ್ದು.

ಮೂರನೇ ಕಾಲಂ ತುಂಬಿಸುವುದೇ ಕಷ್ಟವಾಯಿತು. ಗೊತ್ತಿಲ್ಲ ಅಂತ ಬರೆಯಲು ಮಕ್ಕಳಿಗೆ ನಾಚಿಕೆ. ಐದು ವರ್ಷ ಶಾಲೆಗೆ ಬಂದು ಅವರು ಅದನ್ನು ಚೆನ್ನಾಗಿ ಕಲಿತಿದ್ದರು. "ಬರೀ ಗೊತ್ತಿಲ್ಲ ಅಂತ ಬರೆದರೆ ಸಾಲದು," ಅಂದೆ ನಾನು. "ಏನು ಗೊತ್ತಾದರೆ ಹೇಳಬಹುದು ಅಂತಲೂ ಬರೀರಿ. ಗೊತ್ತಿಲ್ಲದೆ ಉತ್ತರ ಬರೆಯೋದು ಮಾತ್ರ ಬೇಡ." ದಿನಾ ಹೇಳಿದೆ. ಗಿಳಿಪಾಠ ಬೇಡ ಅಂತ ಹೇಳಿ ಇದನ್ನೇ ಗಿಳಿಪಾಠ ಮಾಡಿಸಿದೆ ಅಂತ ಸೆಲ್ವರಾಣಿ ಹಂಗಿಸಿದಳು.

ಅವಳಿಗೆ ಅನುಮಾನ ಇದ್ದೇ ಇತ್ತು. "ಎಲ್ಲಾ ಚೆನ್ನಾಗಿದೆ ಮೇಡಂ. ಪರೀಕ್ಷೆಗೆ ಇದು ಬರುತ್ತಾ?" ಅಂತ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

"ಯೋಚನೆ ಮಾಡೋ ಮಗು ಯಾವ ಪರೀಕ್ಷೆಯನ್ನಾದರೂ ಬರೆಯುತ್ತೆ," ಅಂದೆ.

"ನೋಡೋಣ," ಅಂದಳು.

ಜುಲೈ ಮೊದಲಲ್ಲಿ ಇನ್ನೊಂದು ಪಾಲಿಗೆ ಕವಾತು ಆಯಿತು. ವೀರಮ್ಮ ಸುಣ್ಣದ ಬಟ್ಟಲು ಹಿಡಿದು ಕಲ್ಲಿನ ಮೇಲೆ ತಾರೀಖು ಬರೆದರು, ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಗಸ್ಟಿನಲ್ಲಿ ಹೂವು ಬಂತು, ಕಾಯಿ ಕಚ್ಚಿತು. ಸಿಹಿ ಎಲ್ಲಿಂದ ಅನ್ನುವುದಕ್ಕೆ ತರಗತಿ ಮೂರು ಗುಂಪಾಯಿತು. ಬೇರಿನಿಂದ ಅಂತ ಕೆಲವರು. ಹಣ್ಣಿಗೆ ಬಿಸಿಲು ತಾಗಿ ಅಂತ ಹೆಚ್ಚಿನವರು. ಪವಿತ್ರಾ ಒಬ್ಬಳೇ ಎಲೆಯಿಂದ ಇರಬಹುದು ಅಂದಳು. ಎಲೆ ಕಹಿ ಅಲ್ವೇನೇ ಅಂತ ಎಲ್ಲರೂ ನಕ್ಕರು.

ಪರೀಕ್ಷೆ ಮಾಡುವ ಉಪಾಯವೂ ಅವಳದೇ. ಒಂದು ಗೊಂಚಲಿಗೆ ಕಪ್ಪು ಬಟ್ಟೆ ಕಟ್ಟೋಣ, ಬಿಸಿಲು ತಾಗಬಾರದು. ಇನ್ನೊಂದು ಕೊಂಬೆಯ ಎಲೆಯನ್ನೆಲ್ಲ ಕಿತ್ತುಹಾಕೋಣ, ಗೊಂಚಲು ಮಾತ್ರ ಇರಲಿ. ಮೂರನೆಯದನ್ನು ಮುಟ್ಟುವುದೇ ಬೇಡ. ಎಲೆ ಕೀಳುವ ಮಾತು ಕೇಳಿ ವೀರಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತರು. "ಎಲೆ ಕಿತ್ರೆ ಅಣ್ಣ್ ಕೆಡ್ತೈತೆ. ನಮ್ಮಪ್ಪ ಯೋಳಿದ್ದು."

"ಯಾಕೆ ಕೆಡುತ್ತೆ ಅವ್ವ?" ಅಂದಳು ಪವಿತ್ರಾ.

ವೀರಮ್ಮ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ, "ಒಂದೇ ಕೊಂಬೆ. ಇನ್ನೊಂದ್ ಮುಟ್ಟಿದ್ರೆ ಕಯ್ ಮುರೀತೀನಿ," ಅಂದರು.

ಅಕ್ಟೋಬರಿನಲ್ಲಿ ಮಳೆ ಹಿಡಿದುಕೊಂಡಿತು. ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಮಳೆ ಬಂದರೆ ಸಿಪ್ಪೆ ಒಡೆಯುತ್ತದೆ, ಒಡೆದರೆ ನೊಣ, ನೊಣ ಕೂತರೆ ಕೊಳೆ. ಈಶ್ವರಿಯೂ ಅವಳ ಗಂಡನೂ ಮಳೆ ನಿಂತಾಗಲೆಲ್ಲ ಓಡಿ ಹೋಗಿ ಬಳ್ಳಿ ಒದರಿ ನೀರು ಉದುರಿಸುತ್ತಿದ್ದರು. ಮಕ್ಕಳೂ ಹೋದರು, ನಾನೂ ಹೋದೆ. ನಮ್ಮ ಮೂರು ಗೊಂಚಲು ಹೇಗೋ ಉಳಿದವು. ನವೆಂಬರ್ ಮೊದಲ ವಾರ ಕಿತ್ತೆವು. ಪಂದಲ್ ಕೆಳಗೇ ಸುತ್ತ ಕೂತು ಒಬ್ಬೊಬ್ಬರಿಗೆ ಒಂದೊಂದು ಹಣ್ಣು. ಬಟ್ಟೆ ಕಟ್ಟಿದ ಗೊಂಚಲು ಸ್ವಲ್ಪ ಕೆಂಪಾಗಿತ್ತು, ಆದರೆ ಸಿಹಿ. ಎಲೆ ಕಿತ್ತ ಕೊಂಬೆಯದು ಗೋಲಿಯ ಹಾಗೆ ಸಣ್ಣಗೆ ಉಳಿದಿತ್ತು. ಬಾಯಿಗೆ ಹಾಕಿಕೊಂಡ ಮಕ್ಕಳ ಮುಖ ಹುಳಿಗೆ ಕಿವುಚಿಹೋಯಿತು.

ಆಮೇಲೆ ಬಿಸಿಲಿನ ಗುಂಪಿನ ಹುಡುಗನೊಬ್ಬ ತಲೆಯೆತ್ತಿ ಎಲೆಗಳನ್ನೇ ನೋಡುತ್ತಾ, "ಅಲ್ಲಿ ಅಡುಗೆ ಮಾಡಿ ಇಲ್ಲಿಗೆ ಕಳಿಸುತ್ತಾ?" ಅಂದ. ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಹಾಕಿ ನಾನು ಹೇಳಿದ್ದು ಅದೇ ಮಾತು. ಆದರೆ ಯಾವ ಮಗುವೂ ಅದನ್ನು ನನಗೆ ವಾಪಸು ಪ್ರಶ್ನೆಯಾಗಿ ಕೇಳಿರಲಿಲ್ಲ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಹುಳಿಗೆ ಅಂತ ನೆಪ ಹೇಳಿದೆ. ವೀರಮ್ಮ ಒಂದು ಹುಳಿಹಣ್ಣು ಚೀಪಿ ಉಗುಳಿ, "ಅಪ್ಪ ಯೋಳಿದ್ದು ನಿಜ ತಾನೆ," ಅಂದರು. ಸೆಲ್ವರಾಣಿ ಆವತ್ತು ಪರೀಕ್ಷೆಯ ಮಾತೆತ್ತಲಿಲ್ಲ.

ವಸತಿಶಾಲೆಯ ಪರೀಕ್ಷೆ ಫೆಬ್ರವರಿಯಲ್ಲಿ ಬಂತು. ನಾನು, ಈಶ್ವರಿ, ಪವಿತ್ರಾ ಬೆಳಿಗ್ಗೆ ಬಸ್ಸಿಗೆ ತೇನಿ ದಾಟಿ ದಿಂಡಿಗಲ್ಲಿಗೆ ಹೋದೆವು. ಮಗಳ ಜಡೆಗೆ ಹೊಸ ರಿಬ್ಬನ್ನು ಕಟ್ಟಿದ್ದಳು ಈಶ್ವರಿ. ಶಾಲೆಯ ಹೊರಗೆ ಬೇವಿನ ಮರದ ಕೆಳಗೆ ಎರಡು ಗಂಟೆ ಕೂತೆವು. ಅಷ್ಟೂ ಹೊತ್ತು ಅವಳು ಕಾಂಪೌಂಡಿನ ಒಳಗಿನ ಕಿಟಕಿಗಳನ್ನು ನೋಡುತ್ತಾ, ಯಾವುದು ಪ್ರಯೋಗಾಲಯ ಇರಬಹುದು ಅಂತ ಕೇಳುತ್ತಿದ್ದಳು.

ಪವಿತ್ರಾ ನಗುತ್ತಲೇ ಹೊರಗೆ ಬಂದಳು. ಎಲ್ಲಾ ಬರೆದೆ ಅಂದಳು. ಆಮೇಲೆ, "ಒಂದಕ್ಕೆ ಮಾತ್ರ ನಾನೇ ಅವರನ್ನ ಕೇಳಿದೆ," ಅಂದಳು.

"ಏನು ಕೇಳಿದೆ?" ಅಂದೆ.

"ದ್ರಾಕ್ಷಿ ಯಾವ ಕಾಲದಲ್ಲಿ ಹಣ್ಣಾಗುತ್ತೆ ಅಂತ ಇತ್ತು. ಬೇಸಿಗೆ, ಮಳೆಗಾಲ, ಚಳಿಗಾಲ, ಎಲೆ ಉದುರೋ ಕಾಲ. ಒಂದಕ್ಕೆ ಗುರುತು ಹಾಕ್ಬೇಕು. ನಾನು ಹಾಕ್ಲಿಲ್ಲ. ಕವಾತು ಯಾವತ್ತು ಮಾಡಿದ್ರು ಅಂತ ಹೇಳಿದ್ರೆ ಹೇಳಬಹುದು ಅಂತ ಪಕ್ಕದಲ್ಲಿ ಬರೆದೆ."

ಮೂಗಿನ ತುದಿಯ ಸಿಟ್ಟು ನಾಲಿಗೆಗೆ ಬಂತು. "ಸುಮ್ನೆ ಬೇಸಿಗೆ ಅಂತ ಒಂದು ಗೀಟು ಎಳೆದು ಬರೋಕೆ ನಿನಗೆ ಏನಾಗಿತ್ತೇ?" ಅಂದುಬಿಟ್ಟೆ.

ಅವಳ ನಗು ಅಲ್ಲೇ ನಿಂತಿತು. "ಗೊತ್ತಿಲ್ಲದೆ ಬರೀಬಾರ್ದು ಅಂದಿದ್ರಿ," ಅಂದಳು ಮೆಲ್ಲಗೆ. ಈಶ್ವರಿ ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿದಳು. ಇಡೀ ವರ್ಷ ನಾನು ಏನೇನು ಕಲಿಸಿದ್ದೆನೋ ಅದನ್ನೆಲ್ಲ ಒಂದು ಮಾತಿನಲ್ಲಿ ನಾನೇ ಅಳಿಸಿದ್ದೆ. ಈಗಲೂ ಆ ಬೇವಿನ ಮರ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮಾರ್ಚಿನಲ್ಲಿ ಪಟ್ಟಿ ಹಾಕಿದರು. ಪವಿತ್ರಾಳ ಹೆಸರು ಇರಲಿಲ್ಲ. ಒಂದು ಅಂಕ ಕಡಿಮೆ. ಪಟ್ಟಿಯ ಕೊನೆಯ ಹೆಸರಿಗೂ ಅವಳಿಗೂ ಇದ್ದ ಅಂತರ ಅಷ್ಟೇ. ನಾನು ಮಾರನೇ ದಿನವೇ ದಿಂಡಿಗಲ್ಲಿನ ಕಚೇರಿಗೆ ಹೋದೆ, ಜಗಳಕ್ಕೆ ಸಿದ್ಧವಾಗಿಯೇ ಹೋದೆ. ಪರೀಕ್ಷೆ ನೋಡಿಕೊಳ್ಳುತ್ತಿದ್ದವರು ವಯಸ್ಸಾದ ಒಬ್ಬರು, ಸಮಾಧಾನದ ಮನುಷ್ಯ. ಕೂರಿಸಿ ನೀರು ಕೊಟ್ಟರು. "ಇಂಥ ಪ್ರಶ್ನೆಯನ್ನು ಯಾವ ಮಹಾನುಭಾವರು ಬರೆದದ್ದು? ನಮ್ಮ ಕಣಿವೆಯ ಒಂದು ತೋಟವನ್ನಾದರೂ ನೋಡಿದ್ದಾರಾ?" ಅಂದೆ. ಅವರು ಒಂದು ಫೈಲು ತೆಗೆದು ನನ್ನ ಮುಂದೆ ಇಟ್ಟರು.

ನನ್ನ ಅಕ್ಷರ. ಜೂನಿನಲ್ಲಿ, ಊರು ಸೇರಿದ ಮೂರನೇ ದಿನ ಕಳಿಸಿದ ನಲವತ್ತು ಪ್ರಶ್ನೆ. ಹದಿನೇಳನೆಯದು ದ್ರಾಕ್ಷಿಯದು. ಎದುರಿಗೆ ಉತ್ತರ, ಬೇಸಿಗೆ ಅಂತ, ಕೆಳಗೊಂದು ಗೀಟು ಬೇರೆ ಎಳೆದಿದ್ದೆ. ಚಾರ್ಟನ್ನು ಬೀರುವಿನ ಮೇಲೆ ಎಸೆದವಳಿಗೆ ಇದನ್ನು ವಾಪಸು ತರಿಸಿಕೊಳ್ಳಬೇಕು ಅಂತ ಹೊಳೆದೇ ಇರಲಿಲ್ಲ.

ಆ ಪ್ರಶ್ನೆಯನ್ನು ರದ್ದು ಮಾಡಿ ಅಂದೆ. "ಮಾಡಿದರೆ ಬೇಸಿಗೆ ಅಂತ ಗುರುತು ಹಾಕಿದವರಿಗೆಲ್ಲ ಒಂದು ಅಂಕ ಹೋಗುತ್ತೆ, ಪಟ್ಟಿ ಅಂಟಿಸಿದ ಮೇಲೆ ಸೀಟು ಸಿಕ್ಕ ಮಗುವಿನ ಹೆಸರು ತೆಗೆಯೋಕಾಗುತ್ತಾ ಅಮ್ಮ?" ಅಂದರು. ಹಾಗಾದರೆ ಇವಳಿಗೂ ಒಂದು ಜಾಗ ಕೊಡಿ ಅಂದೆ. ಹಾಸಿಗೆ ಇರುವಷ್ಟೇ ಮಕ್ಕಳು ಅಂದರು. ಮುಂದಿನ ವರ್ಷದ ಪ್ರಶ್ನೆಗಳ ಕಟ್ಟಿನಿಂದ ಆ ಪ್ರಶ್ನೆಯನ್ನು ನನ್ನ ಎದುರಿಗೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಕೇಳಿದ್ದಕ್ಕೆ ಉತ್ತರ ಪತ್ರಿಕೆಗಳನ್ನೂ ತೋರಿಸಿದರು. ನಮ್ಮ ಕಣಿವೆಯಿಂದ ಹೋದ ಮಕ್ಕಳು ಎಷ್ಟೋ ಜನ. ಎಲ್ಲರ ಮನೆಯಲ್ಲೂ ಪಂದಲ್ ಇದ್ದೇ ಇರುತ್ತದೆ, ಇಲ್ಲವಾದರೆ ಪಕ್ಕದ ಮನೆಯಲ್ಲಾದರೂ. ನಾನು ತಿರುವಿ ಹಾಕಿದ ಹಾಳೆಗಳಲ್ಲೆಲ್ಲ ಬೇಸಿಗೆಗೇ ಗುರುತು. ಮನೆಯಲ್ಲಿ ಗೊತ್ತಿರುವುದನ್ನು ಮನೆಯಲ್ಲೇ ಬಿಟ್ಟು ಬರಬೇಕು ಅಂತ ಅವರಿಗೆ ನಮ್ಮಂಥವರೇ ಕಲಿಸಿದ್ದು. ಬಿಟ್ಟು ಬಂದವರಿಗೆ ಅಂಕ ಸಿಕ್ಕಿತ್ತು.

ಮನೆಗೆ ಬಂದು ಹೇಳಿದೆ. ಹೇಳದೆ ಇರಬಹುದಿತ್ತು. ಆ ಯೋಚನೆ ಬಸ್ಸಿನಲ್ಲಿ ಬಂದಿತ್ತು ಅಂತಲೂ ಒಪ್ಪಿಕೊಳ್ಳುತ್ತೇನೆ. ಈಶ್ವರಿ ಒಲೆಯ ಮುಂದೆ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡು, ತಿರುಗಿ ನೋಡದೆ, "ನೀವ್ ಬರ್ದ ಕೇಳ್ವಿಗೆ ನೀವ್ ಕಲ್ಸಿದ್ದೇ ಬರ್ದು ನನ್ನ ಮಗಳು ಸೋತ್ಳು," ಅಂದಳು. ಅಷ್ಟೇ. ಆವತ್ತಿನಿಂದ ನನ್ನ ಕಾಫಿ ಲೋಟ ಪವಿತ್ರಾಳ ಕೈಯಲ್ಲಿ ಬರತೊಡಗಿತು. ಈಶ್ವರಿ ಎದುರಿಗೆ ಬಂದು ಕೂರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಪವಿತ್ರಾ ಎರಡು ದಿನ ಬಿಟ್ಟು ಮುಂಗೋಣೆಗೆ ಬಂದಳು. ಲೋಟ ಇಟ್ಟು ಬಾಗಿಲಿಗೆ ಒರಗಿಕೊಂಡು ನಿಂತಳು.

"ಟೀಚರ್, ಆ ಪ್ರಶ್ನೆ ಬರೆದಾಗ ನೀವು ನಮ್ಮ ತೋಟ ನೋಡಿದ್ರಾ?"

"ಇಲ್ಲ ಕಣೇ. ಬಂದು ಮೂರು ದಿನ ಆಗಿತ್ತು. ನೋಡಿರಲಿಲ್ಲ."

ಅವಳು ಲೆಕ್ಕ ಸರಿಹೋಯಿತು ಅನ್ನುವ ಹಾಗೆ ತಲೆಯಾಡಿಸಿದಳು. "ಹಾಗಾದ್ರೆ ನೀವು ಅದನ್ನ ಮೂರನೇ ಕಾಲಂನಲ್ಲಿ ಬರೀಬೇಕಾಗಿತ್ತು," ಅಂದಳು. ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ತರಗತಿಯಲ್ಲಿ ಪಕ್ಕದವಳ ನೋಟ್‌ಬುಕ್ಕಿನಲ್ಲಿ ತಪ್ಪು ತೋರಿಸುವ ದನಿ ಅದು. ಖಾಲಿ ಲೋಟ ತೆಗೆದುಕೊಂಡು ಹೋದಳು. ನಾನು ಬಾಗಿಲು ಹಾಕಿಕೊಂಡು ಅತ್ತೆ.

ಏಪ್ರಿಲ್ ತುಂಬ ಪುಸ್ತಕ ಬರೆದೆ. ಗಾಳಿ ಇಲ್ಲದ ಧಗೆ, ತೋಟದ ಕಡೆಯಿಂದ ಔಷಧಿ ಹೊಡೆಯುವ ಯಂತ್ರದ ಸದ್ದು. ಒಂದು ಪ್ರಶ್ನೆ ಬರೆಯುವ ಮೊದಲು ಸೆಲ್ವರಾಣಿಗೆ ಹತ್ತು ಸಲ ಕೇಳುತ್ತಿದ್ದೆ. ಅವಳು ಹಂಗಿಸಲಿಲ್ಲ. ಅವಳದೇ ಸಲಹೆಯಂತೆ ಪ್ರತಿ ಪ್ರಶ್ನೆಯ ಪಕ್ಕದಲ್ಲೂ ನಾಲ್ಕು ಬೆರಳಗಲ ಜಾಗ ಖಾಲಿ ಬಿಟ್ಟೆವು, ಮಗು ಏನಾದರೂ ಕೇಳಬೇಕು ಅನಿಸಿದರೆ ಕೇಳಲಿ ಅಂತ. ಕಾಗದ ದಂಡ ಅಂತ ಕಚೇರಿಯಿಂದ ಆಕ್ಷೇಪಣೆ ಬಂತು. ಕಾಗದ ಉಳಿಸುವುದಾದರೆ ಉತ್ತರದ ಜಾಗ ಕಡಿಮೆ ಮಾಡಿ ಅಂತ ಬರೆದು ಕಳಿಸಿದೆ.

ಮೇ ಕೊನೆಗೆ ನಾನು ಹೊರಡುವ ದಿನ ಮೊದಲ ಪಾಲಿಗೆ ಕವಾತು ಇತ್ತು. ಹೇಳಿ ಹೋಗೋಣ ಅಂತ ತೋಟಕ್ಕೆ ಹೋದೆ. ವೀರಮ್ಮ ನನ್ನ ಕೈ ಹಿಡಿದು ಪಂದಲ್ ಕೆಳಗೆ ನಿಲ್ಲಿಸಿ, "ಒಂದು ಕೊಂಬೆ ನೀ ಕತ್ರಿಸು ತಾಯಿ," ಅಂದರು. ಕತ್ತರಿ ಈಶ್ವರಿಯ ಕೈಯಲ್ಲಿತ್ತು. ಅವಳು ಒಂದು ಕ್ಷಣ ತಡೆದು, ಹಿಡಿ ನನ್ನ ಕಡೆ ಮಾಡಿ ಚಾಚಿದಳು. ಚಿಗುರೊಡೆಯುವ ಕಣ್ಣು ಎಷ್ಟು ಉಳಿಸಿ ಕತ್ತರಿಸಬೇಕು ಅಂತ ಬೆರಳಿಟ್ಟು ತೋರಿಸಿದಳು. ಮಾತಾಡಲಿಲ್ಲ. ಕತ್ತರಿಸಿದೆ. ತುದಿಯಲ್ಲಿ ನೀರು ಹನಿಯಿತು. ಪವಿತ್ರಾ ಸುಣ್ಣದ ಬಟ್ಟಲು ತರಲು ಮನೆಗೆ ಓಡಿದಳು, ಅಷ್ಟರಲ್ಲಿ ನನ್ನ ಬಸ್ಸು ಬಂತು.

ಸೆಪ್ಟೆಂಬರ್ ಕೊನೆ. ಮೈಸೂರಿನಲ್ಲಿ ನನ್ನ ಹಳೆಯ ಶಾಲೆಯಲ್ಲಿದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಫೋನು ಬಂತು.

"ಟೀಚರ್, ನಾನು ಈಶ್ವರಿ."

ಆ ದನಿ ಕೇಳಿ ಆರು ತಿಂಗಳಾಗಿತ್ತು. ಪವಿತ್ರಾ ಹೇಗಿದ್ದಾಳೆ ಅಂದೆ. ಉತ್ತಮಪಾಳಯದ ಶಾಲೆಗೆ ಟೌನ್ ಬಸ್ಸಿನಲ್ಲಿ ಹೋಗುತ್ತಿದ್ದಾಳೆ, ಬಸ್ ನಿಲ್ದಾಣದವರೆಗೆ ತಾನೇ ಬಿಟ್ಟು ಬರುತ್ತೇನೆ ಅಂದಳು.

"ಅಲ್ಲಿ ಸಾರ್‌ನ ಕೇಳ್ವಿ ಕೇಳಿ ಕೇಳಿ ಬೈಸ್ಕೊಂಡ್ ಬತ್ತಾಳೆ," ಅಂದಳು.

"ಮತ್ತೆ? ಈಗ ಕೇಳೋದು ಬಿಟ್ಟಿದ್ದಾಳಾ?"

"ಎಲ್ಲಿ ಬಿಡ್ತಾಳೆ. ನಾನೂ ಬಿಡು ಅನ್ನಲಿಲ್ಲ." ಆಮೇಲೆ ಅಂದಳು, "ನೀವ್ ಕತ್ರಿಸಿದ ಕೊಂಬೆ ಅಣ್ಣಾಗೈತೆ ಟೀಚರ್. ಅದನ್ನ ಯೋಳಾಕೇ ಮಾಡ್ದೆ."

"ಸಿಹಿ ಇದೆಯಾ?"

"ಯಾರಿಗ್ ಗೊತ್ತು. ಇವಳು ಯಾರ್ನೂ ಮುಟ್ಟಾಕ್ ಬಿಟ್ಟಿಲ್ಲ. ಕಲ್ಲ್ ಮೇಲೆ ಬರ್ದವಳೆ."

ಆ ಶನಿವಾರ ನಾನು ಬಸ್ಸು ಹತ್ತಿದೆ. ಮಾರನೇ ದಿನ ಬೆಳಿಗ್ಗೆ ತೋಟಕ್ಕೆ ಹೋದಾಗ ಮೊದಲ ಪಾಲಿನ ಹಣ್ಣೆಲ್ಲ ಕಿತ್ತಾಗಿತ್ತು. ಒಂದೇ ಒಂದು ಗೊಂಚಲು ತೂಗುತ್ತಿತ್ತು. ಅದರ ಪಕ್ಕದ ಕಂಬದಲ್ಲಿ ಸುಣ್ಣದ ತಮಿಳು ಅಕ್ಷರಗಳು. ನಾಲ್ಕು ತಿಂಗಳ ಮಳೆಬಿಸಿಲಿಗೆ ಮೇಲಿನ ತಾರೀಖು ಮಸುಕಾಗಿತ್ತು, ಕೆಳಗಿನ ಸಾಲು ಹೊಸದು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಟೀಚರ್ ಕತ್ತರಿಸಿದ್ದು. ರುಚಿ ಗೊತ್ತಿಲ್ಲ. ಟೀಚರ್ ಬಂದರೆ ಹೇಳಬಹುದು.